ತಾಯಿಯ ಮಗ್ಗುಲು, ಮಗುವಿನ ಮಂಚ

ಕೊಡಗಿನ ಕುಟುಂಬಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳಲ್ಲಿ ಬಂದವರು ಕುಳಿತುಕೊಳ್ಳಲು ಕೈಯಾಲೆಯಿದೆ, ಹಿರಿಯರು ವಿಶ್ರಮಿಸಲು ಐಮರವಿದೆ, ತೂಗುದೀಪ ಬೆಳಗುವ ನೆಲ್ಲಕ್ಕಿ ನಡುಬಾಡೆಯಿದೆ, ಪವಿತ್ರವೆಂದು ಕಾಯ್ದಿರಿಸಿದ ಕನ್ನಿಕೊಂಬರೆಯಿದೆ. ಆದರೆ ಕೂಸೊಂದು ಏಕಾಕಿಯಾಗಿ ಮಲಗಲೆಂದು ಕಟ್ಟಿಸಿದ ಕೋಣೆ ಮಾತ್ರ ಆ ವಿಶಾಲವಾದ ಸೂರಿನ ಕೆಳಗೆ ಇಲ್ಲ. ಹುಟ್ಟಿದ ಹನ್ನೆರಡನೆಯ ದಿನ ತೊಟ್ಟಿಲೇರಿ ಹೆಸರು ಪಡೆದ ಮಗು ಹಗಲೆಲ್ಲ ತೊಟ್ಟಿಲಲ್ಲಿ ತೂಗಿಸಿಕೊಂಡು, ಇರುಳಾದೊಡನೆ ತಾಯಿಯ ಮಗ್ಗುಲಿಗೆ ಬರುತ್ತಿತ್ತು. ಇನ್ನೊಂದು ಕೂಸು ಹುಟ್ಟಿದಾಗ ಅಜ್ಜಿಯ ಹಾಸಿಗೆಗೆ ಹೋಗುತ್ತಿತ್ತು. ಕಾಲು ಬಲಿತ ಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಸಾಲಾಗಿ ಮಲಗುವ ಚಾಪೆಯಲ್ಲಿ ತನ್ನ ಪಾಲಿನ ಸ್ಥಳವನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಗಂಡುಮಗು ಹುಟ್ಟಿದೊಡನೆ ಅಂಗಳದಲ್ಲಿ ಕೋವಿಯ ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣಗಳನ್ನು ಅದರ ಕೈಗಿಡುವ ಕೊಡವರ ಪದ್ಧತಿಯನ್ನು ಪಾದ್ರಿ ರಿಕ್ಟರ್ 1870ರಲ್ಲಿ ಪ್ರಕಟಿಸಿದ ತಮ್ಮ ಕೊಡಗಿನ ಕೈಪಿಡಿಯಲ್ಲಿ ದಾಖಲಿಸಿದ್ದಾರೆ. ಮೊದಲ ದಿನವೇ ಶಿಶುವಿನ ಕೈಗೆ ಆಯುಧವನ್ನಿತ್ತ ಆ ವೀರಜನಾಂಗವು, ಕತ್ತಲಲ್ಲಿ ಒಂಟಿಯಾಗಿ ಮಲಗುವ ಧೈರ್ಯವನ್ನು ಮಾತ್ರ ಅದರಿಂದ ಎಂದೂ ಬೇಡಲಿಲ್ಲವೆಂಬುದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ.

ಈಗ ಒಕ್ಕದ, ಎಂದರೆ ಕುಲದ, ಜನರು ಚದುರಿಹೋಗಿದ್ದಾರೆ. ತೋಟದ ಮನೆಯಲ್ಲಾಗಲಿ, ಮಡಿಕೇರಿ ವಿರಾಜಪೇಟೆ ಕುಶಾಲನಗರಗಳ ಬಡಾವಣೆಗಳಲ್ಲಾಗಲಿ ಗಂಡ ಹೆಂಡಿರಿಬ್ಬರು, ಅವರ ನಡುವೆ ಒಂದು ಮಗು. ಅಜ್ಜಿಯ ಹಾಸಿಗೆಯೆಂಬ ಮಧ್ಯದ ಮೆಟ್ಟಿಲೇ ಇಲ್ಲದ ಈ ಮನೆಗಳಲ್ಲಿ, ತಾಯಿಯ ಮಗ್ಗುಲಿನಿಂದ ತನ್ನ ಮಂಚಕ್ಕೆ ಮಗು ಒಂದೇ ನೆಗೆತಕ್ಕೆ ದಾಟಬೇಕಾಗಿದೆ. ಯಾವಾಗ, ಹೇಗೆ ದಾಟಿಸುವುದೆಂಬ ಪ್ರಶ್ನೆ ಎಳೆಯ ತಂದೆತಾಯಿಗಳನ್ನು ಕಾಡುತ್ತಿರುವುದು ಇದರಿಂದಲೇ.

ಮಗು ಪ್ರತ್ಯೇಕವಾದ ಕೋಣೆಯಲ್ಲಿಯೇ ಮಲಗತಕ್ಕದ್ದೆಂಬ ನಿಯಮವು ಪ್ರಕೃತಿಯಿಂದ ಬಂದುದಲ್ಲ. 1907ರಲ್ಲಿ ನ್ಯೂಜಿಲೆಂಡಿನಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಸ್ಥಾಪಿಸಿದ ವೈದ್ಯ ಟ್ರೂಬಿ ಕಿಂಗ್ ಗಡಿಯಾರ ನೋಡಿ ಹಾಲೂಡಿಸುವ ಕಟ್ಟುನಿಟ್ಟನ್ನು ಬೋಧಿಸಿದರು. 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಮಕ್ಕಳನ್ನು ಅಪ್ಪಿ ಮುದ್ದಿಸುವುದೇ ಅವುಗಳಿಗೆ ಕೆಡುಕೆಂದು ಬರೆದರು. ಅಂಥ ಉಪದೇಶಗಳಿಂದ ಪಾಶ್ಚಾತ್ಯ ವೈದ್ಯರೇ ಇಂದು ಬಹುದೂರ ಸರಿದಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ ಪರಿಷ್ಕರಿಸಿದ ಸೂಚನೆಗಳ ಪ್ರಕಾರ ಮಗುವಿನ ಹಾಸಿಗೆ ಬೇರೆಯಾಗಿರಬೇಕು, ಆದರೆ ಕನಿಷ್ಠ ಮೊದಲ 6 ತಿಂಗಳು ಅದು ತಂದೆತಾಯಿಗಳ ಕೋಣೆಯಲ್ಲಿಯೇ, ಅವರ ಮಂಚದ ಸಮೀಪದಲ್ಲಿಯೇ ಇರಬೇಕು. ಜೇಮ್ಸ್ ಮೆಕೆನ್ನಾ ಎಂಬ ಮಾನವಶಾಸ್ತ್ರಜ್ಞರಾದರೋ, ಮೊಲೆಯೂಡಿಸುವ ತಾಯಿ ಮಗುವಿನ ಪಕ್ಕದಲ್ಲಿ ಮಲಗಿದಾಗ ಇಬ್ಬರ ನಿದ್ರೆಯೂ ಹಗುರವಾಗಿದ್ದು, ಒಬ್ಬರ ಅಲುಗಾಟಕ್ಕೆ ಮತ್ತೊಬ್ಬರು ಎಚ್ಚರಗೊಳ್ಳುವರೆಂದು ತೋರಿಸಿ, ನಮ್ಮ ಅಜ್ಜಿಯರ ಪಕ್ಷವನ್ನೇ ಎತ್ತಿ ಹಿಡಿದರು. ಈ ಎರಡು ಪಕ್ಷಗಳ ವಾದ ಇನ್ನೂ ಮುಗಿದಿಲ್ಲ. ಮಗುವನ್ನು ದೂರದ ಕೋಣೆಗೆ ಕಳುಹಿಸಿರೆಂದು ಎರಡರಲ್ಲಿ ಯಾವುದೂ ಹೇಳುವುದಿಲ್ಲ.

ಮೊದಲನೆಯ ವರ್ಷದಲ್ಲಿ ಮುಖ್ಯವಾದುದು ಅಭ್ಯಾಸದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರವು 1991ರಲ್ಲಿ ಬ್ರಿಟನ್ನಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ಆರಂಭವಾದ ಮೇಲೆ, ನಿದ್ರೆಯಲ್ಲಿಯೇ ಕಾರಣ ತಿಳಿಯದೆ ಸಂಭವಿಸುತ್ತಿದ್ದ ಶಿಶುಮರಣಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಕೊಡಗಿನ ಚಳಿಗೆ ನಾವು ಮಾಡುವ ಉಪಚಾರಗಳೆಲ್ಲವನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡುವುದು ಅವಶ್ಯ. ಬೂರುಗದ ಹತ್ತಿಯ ಹಾಸಿಗೆಯಲ್ಲಿ ಕೂಸಿನ ಮುಖ ಹೂತುಹೋಗಬಹುದು. ದಪ್ಪ ಕಂಬಳಿ ಮೂಗಿನ ಮೇಲೆ ಸರಿಯಬಹುದು. ತಲೆ ಗುಂಡಗಾಗಲೆಂದು ಇಡುವ ಸಾಸಿವೆ ದಿಂಬು ಮೊದಲ ವರ್ಷದಲ್ಲಿ ಬೇಡವೇ ಬೇಡ. ಬೆವರುವಷ್ಟು ಬಟ್ಟೆ ಸುತ್ತುವುದೂ ಅಪಾಯಕರವೇ. ಹಬ್ಬದ ದಿನ, ಮದುವೆಯ ದಿನ ಮದ್ಯ ಸೇವಿಸಿದವರು, ಧೂಮಪಾನ ಮಾಡುವವರು, ಯಾರೇ ಆಗಲಿ, ಆ ರಾತ್ರಿ ಶಿಶುವಿನ ಹಾಸಿಗೆಯಲ್ಲಿ ಮಲಗಬಾರದು. ನಮ್ಮ ಆತಿಥ್ಯದ ಸಂಪ್ರದಾಯವನ್ನು ಗೌರವಿಸುತ್ತಲೇ ಈ ಮಾತನ್ನು ನಾನು ಒತ್ತಿ ಹೇಳಬೇಕಾಗಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವ ರೂಢಿ ಇವೆಲ್ಲಕ್ಕಿಂತಲೂ ಭಯಂಕರವಾದುದು; ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ದೊಡ್ಡವರನ್ನೂ ಎಚ್ಚರಗೊಳಿಸದೆ ಕೊಲ್ಲಬಲ್ಲದು.

ಅಪಾಯದ ಕಾಲ ಕಳೆದ ಮೇಲೆ ಅಭ್ಯಾಸದ ಮಾತು. ಸಾಮಾನ್ಯವಾಗಿ 8 ತಿಂಗಳಿನಿಂದ ಒಂದೂವರೆ ವರ್ಷದವರೆಗೆ ತಾಯಿ ಮರೆಯಾದರೆ ಸಾಕು, ಮಗು ಕಂಗೆಡುತ್ತದೆ. ಈ ಭೀತಿಯು ಬುದ್ಧಿ ಬೆಳೆಯುತ್ತಿರುವುದರ ಲಕ್ಷಣವೇ ಹೊರತು ಹಟಮಾರಿತನವಲ್ಲ. ಆದುದರಿಂದ ಅದು ತಗ್ಗಿದ ಮೇಲೆ, ಎರಡು ಎರಡೂವರೆ ವರ್ಷದ ಹೊತ್ತಿಗೆ, ಹೇಳಿದ ಮಾತು ತಿಳಿಯುವ ಕಾಲಕ್ಕೆ ಕಾದರೆ ನಷ್ಟವೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಮೊದಲು ತಗ್ಗಾದ ಪುಟ್ಟ ಮಂಚವನ್ನು ತಾಯಿಯ ಮಂಚಕ್ಕೆ ಸಂದಿಲ್ಲದಂತೆ ತಗುಲಿಸಿಟ್ಟು, ಹಗಲಿನ ನಿದ್ರೆಯನ್ನು ಅಲ್ಲಿ ರೂಢಿ ಮಾಡಿಸಿ, ಆಮೇಲೆ ರಾತ್ರಿಯ ಮೊದಲ ನಿದ್ರೆಗೂ ಅದೇ ಸ್ಥಳವನ್ನು ಗೊತ್ತುಮಾಡಿ, ಮಧ್ಯರಾತ್ರಿ ಎದ್ದು ಅತ್ತರೆ ಕೈಚಾಚಿ ತಟ್ಟುತ್ತ, ವಾರಗಳು ಕಳೆದಂತೆ ಮಂಚವನ್ನು ಒಂದೊಂದು ಮೊಳ ಸರಿಸುತ್ತ ಹೋಗುವುದೇ ಸಾಧುವಾದ ಮಾರ್ಗ. ಕೋಣೆಯನ್ನು ಬದಲಾಯಿಸುವ ಮಾತು ಅದಾದ ಮೇಲೆ, ಅದಕ್ಕೆ ಅವಸರವೇನೂ ಇಲ್ಲ.

ನಮ್ಮ ನಾಡಿನಲ್ಲಿ ಋತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಕೆಲಸವೂ ಆಗದು, ಇದೂ ಆಗದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಸೀಮೆಯಲ್ಲಿ, ಮಳೆಗಾಲದ ಕಕ್ಕಡ ತಿಂಗಳಲ್ಲಿ, ಯಾರೂ ಮಲಗದ ಹಾಸಿಗೆ ತಾನಾಗಿಯೇ ತೇವವನ್ನು ಹೀರಿ ತಣ್ಣಗಾಗಿರುತ್ತದೆ. ತಾಯಿಯ ಮೈಶಾಖದಲ್ಲಿ ನಿದ್ರಿಸಿದ ಮಗುವನ್ನು ಆ ಹಾಸಿಗೆಗೆ ಇಳಿಸಿದ ಕ್ಷಣವೇ ಅದು ಬೆಚ್ಚಿಬಿದ್ದು ಅಳುವುದನ್ನು ಕಂಡು, ನನ್ನ ಮಗು ನನ್ನನ್ನು ಬಿಡುವುದಿಲ್ಲವೆಂದು ಎಷ್ಟೋ ತಾಯಂದಿರು ತಿಳಿಯುತ್ತಾರೆ. ವಾಸ್ತವವಾಗಿ ಅದು ಬಿಡದಿರುವುದು ಬೆಚ್ಚನೆಯ ಜಾಗವನ್ನು. ಇದನ್ನರಿತ ತಾಯಿಯೊಬ್ಬರು ಮಾಡುವುದನ್ನು ನಾನು ಕಂಡಿದ್ದೇನೆ: ರಬ್ಬರಿನ ಬಿಸಿನೀರಿನ ಚೀಲವನ್ನು ಹೊದಿಕೆಯ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಅದನ್ನು ತೆಗೆದು, ಹಾಸಿನ ಮೇಲೆ ಅಂಗೈ ಒತ್ತಿ ಬಿಸಿ ಹೆಚ್ಚಾಗಿಲ್ಲವೆಂದು ನೋಡಿ, ತಾವು ಹಗಲೆಲ್ಲ ಉಟ್ಟಿದ್ದ ಹಳೆಯ ನೂಲಿನ ಸೀರೆಯನ್ನು ಮಡಿಸಿ ಹಾಸಿ, ಆಮೇಲೆ ಮೂರು ವರ್ಷದ ಮಗಳನ್ನು ಮೊದಲು ಕಾಲು, ನಂತರ ಬೆನ್ನು, ಕೊನೆಗೆ ತಲೆ ಎಂಬ ಕ್ರಮದಲ್ಲಿ ಇಳಿಸಿದರು, ಮಗು ಒಮ್ಮೆ ಮುಲುಗಿ ಮತ್ತೆ ನಿದ್ರೆಗೆ ಸಂದಿತು. ಇಷ್ಟೆಲ್ಲ ಶ್ರಮ ಬೇಡವೆನ್ನುವವರು ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದು ಬಾನು ತಿಳಿಯಾಗುವವರೆಗೆ ಕಾದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಆಗ ಆರಂಭಿಸುವುದು ಲೇಸು.

ಕೊಡಗಿಗೆ ವಿಶಿಷ್ಟವಾದ ಇನ್ನೊಂದು ಸಮಸ್ಯೆಯಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಸೈನ್ಯಕ್ಕೆ ಕೊಟ್ಟ ಈ ಜಿಲ್ಲೆಯಲ್ಲಿ ತಂದೆ ಗಡಿಯಲ್ಲಿಯೂ ತಾಯಿಮಕ್ಕಳು ಊರಿನಲ್ಲಿಯೂ ಇರುವ ಮನೆಗಳು ಇಂದಿಗೂ ಅನೇಕ. ತಿಂಗಳುಗಟ್ಟಲೆ ತಾಯಿಯ ಪಕ್ಕದಲ್ಲಿ ಮಲಗಿದ ಮಗುವನ್ನು, ತಂದೆ ರಜೆಯ ಮೇಲೆ ಬಂದ ರಾತ್ರಿಯೇ ಬೇರೆ ಹಾಸಿಗೆಗೆ ಸಾಗಿಸಿ, ಅವರು ರೈಲು ಹತ್ತಿದ ಮಾರನೆಯ ದಿನ ಮತ್ತೆ ತಾಯಿಯ ಮಗ್ಗುಲಿಗೆ ಕರೆದರೆ, ಅಪ್ಪನೆಂದರೆ ತನ್ನ ಸ್ಥಳವನ್ನು ಕಸಿದುಕೊಳ್ಳಲು ಬರುವವನೆಂಬ ಭಾವ ಆ ಎಳೆಯ ಹೃದಯದಲ್ಲಿ ಮೂಡಿದರೆ ಆಶ್ಚರ್ಯವೇನು? ಇದನ್ನು ತಪ್ಪಿಸುವುದು ಕಷ್ಟವಲ್ಲ. ಅವರು ಬರುವುದಕ್ಕೆ ಬಹಳ ಮುಂಚೆಯೇ ಮಗುವಿನ ಮಂಚ ರೂಢಿಯಾಗಿರಲಿ. ಹಾಗೆ ಆಗದಿದ್ದರೆ ಆ ರಜೆಯಲ್ಲಿ ಬದಲಾವಣೆಯೇ ಬೇಡ. ರೂಢಿಯಾಗಿದ್ದ ಪಕ್ಷದಲ್ಲಿ ಹೊದಿಸುವುದು, ಕಥೆ ಹೇಳುವುದು, ದೀಪ ಸಣ್ಣಗೆ ಮಾಡುವುದು, ಇಷ್ಟನ್ನೂ ತಂದೆಯ ಪಾಲಿಗೆ ಬಿಡಬೇಕು. ಮಂಚದ ಅಂಚಿನಲ್ಲಿ ಕುಳಿತು ಯಾವುದೋ ಪರ್ವತದ ಕಥೆ ಹೇಳುವ ಅಪ್ಪನೊಡನೆ ಆ ಮಂಚದ ನೆನಪು ಬೆಸೆದುಕೊಂಡರೆ, ಆತ ಹೊರಟುಹೋದ ಮೇಲೆಯೂ ಮಗು ಅದನ್ನು ಬಿಡಲೊಲ್ಲದು.

ಮನೆಯಲ್ಲಿ ಬೇರೆ ಏರುಪೇರುಗಳಿದ್ದಾಗಲೂ ಈ ಕೆಲಸಕ್ಕೆ ಕೈಹಾಕಬಾರದು. ತವರಿನಲ್ಲಿ ಬಾಣಂತನ ಮುಗಿಸಿ ಮಗು ಹೊಸ ಮನೆಗೆ ಬಂದಾಗ, ತಮ್ಮನೋ ತಂಗಿಯೋ ಹುಟ್ಟಿದಾಗ, ಜ್ವರ ಬಂದಾಗ, ಅಂಗನವಾಡಿಗೆ ಸೇರಿಸಿದಾಗ, ಅದಕ್ಕೆ ಒಂದು ಭಾರವೇ ಸಾಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆಗಳೇ ಕೊಚ್ಚಿಹೋದಂಥ ಸಂದರ್ಭದಲ್ಲಿಯಂತೂ ಮಗುವಿಗೆ ತಾಯಿಯ ಮೈಯೇ ಮನೆ; ಆಗ ನಿಯಮಗಳನ್ನೆಲ್ಲ ಬದಿಗಿಡುವುದೇ ಧರ್ಮ.

ತೋಟದ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರಿಗೆ ಎರಡನೆಯ ಮಂಚದ ಮಾತು ಹೇಳುವುದು ನಿರ್ದಯವಾದೀತು. ಆದರೆ ಗೋಡೆಯ ಸಂದಿನಿಂದ ದೂರವಾಗಿ, ತಾಯಿಯ ಚಾಪೆಗೆ ಒತ್ತಾಗಿ, ಮಗುವಿಗೆಂದೇ ಬೇರೆ ಚಾಪೆಯೊಂದನ್ನು ಹಾಸಲು ಮಂಚ ಬೇಕಿಲ್ಲ. ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಾತ್ರ ರಾತ್ರಿಯಿಡೀ ಮಲಗಿಸಬಾರದು: ಅದರಲ್ಲಿ ಕೂಸಿನ ಗದ್ದ ಎದೆಗೊತ್ತಿ ಉಸಿರಿಗೆ ತೊಡಕಾಗುತ್ತದೆ, ಮಗುಚುವ ವಯಸ್ಸು ಬಂದ ಮೇಲೆ ಬೀಳುವ ಭಯವಿದೆ, ಆ ಸೀರೆಯಲ್ಲಿ ಆಡುವ ದೊಡ್ಡ ಮಕ್ಕಳ ಕೊರಳಿಗೆ ಅದು ಸುತ್ತಿಕೊಂಡ ದುರಂತಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದಂತೆ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ತಾಸು, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ತಾಸು ನಿದ್ರೆ ಬೇಕು. ಆ ನಿದ್ರೆಯನ್ನು ಕೆಡಿಸುವಂತಿದ್ದರೆ ಪ್ರತ್ಯೇಕ ಮಂಚವನ್ನು ಕೆಲವು ತಿಂಗಳು ಮುಂದೂಡುವುದರಲ್ಲಿ ತಪ್ಪಿಲ್ಲ. ಇನ್ನು ನೆಂಟರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಮದುವೆಮನೆಯಲ್ಲಿ, ಹತ್ತು ಜನರ ಮುಂದೆ, ನಾಲ್ಕು ವರ್ಷದ ಹುಡುಗನ ಗಲ್ಲ ಹಿಡಿದು, "ಇಷ್ಟು ದೊಡ್ಡವನಾಗಿ ಇನ್ನೂ ಅವ್ವನ ಜೊತೆಗೇ ಮಲಗುತ್ತೀಯಾ?" ಎಂದು ದಯವಿಟ್ಟು ಕೇಳಬೇಡಿ. ಅದರ ಬದಲು ಆತನ ಹೊಸ ಮಂಚವನ್ನು ತೋರಿಸೆಂದು ಕೇಳಿ, ಅವನ ಮನೆಗೆ ಹೋದಾಗ ಅವನೊಡನೆ ಒಳಗೆ ಹೋಗಿ ನೋಡಿ ಬನ್ನಿ.