ಅಜ್ಜನ ಚೀಲದಲ್ಲಿ ಎಷ್ಟು ಗುಳಿಗೆ?

ಸಿರುಗುಪ್ಪ, ಕುರುಗೋಡುಗಳಿಂದ ಬೆಳಗಿನ ಬಸ್ಸಿನಲ್ಲಿ ಬಳ್ಳಾರಿಯ ಆಸ್ಪತ್ರೆಗಳಿಗೆ ಬರುವ ವೃದ್ಧರ ಕೈಯಲ್ಲಿ ಒಂದು ಚೀಲವಿರುವುದು ವಾಡಿಕೆ. ಅದರಲ್ಲಿ ಬುತ್ತಿಯ ಜೊತೆಗೆ ಗುಳಿಗೆಗಳ ಗಂಟೂ ಉಂಟು. ರಕ್ತದೊತ್ತಡಕ್ಕೆ ಊರಿನ ವೈದ್ಯರು ಬರೆದದ್ದು, ಸಕ್ಕರೆ ಕಾಯಿಲೆಗೆ ನಗರದ ತಜ್ಞರು ಬರೆದದ್ದು, ಮಂಡಿನೋವಿಗೆ ಔಷಧದಂಗಡಿಯವನು ಚೀಟಿಯಿಲ್ಲದೆಯೇ ಕೊಟ್ಟದ್ದು. ಒಬ್ಬರು ಕೊಟ್ಟುದು ಇನ್ನೊಬ್ಬರಿಗೆ ತಿಳಿಯದು. ನುಂಗುವ ಜೀವ ಮಾತ್ರ ಒಂದೇ!

ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗುತ್ತದೆ. ನಲವತ್ತರಲ್ಲಿ ಸುಲಭವಾಗಿ ಹೊರಬೀಳುತ್ತಿದ್ದ ಔಷಧ ಎಪ್ಪತ್ತರಲ್ಲಿ ದೇಹದೊಳಗೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಗನಿಗೆ ಹಿತವಾದ ಪ್ರಮಾಣ ತಂದೆಗೆ ಮಿತಿಮೀರಿದುದಾಗಬಹುದು. ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಗ್ಲಿಬೆನ್‌ಕ್ಲಮೈಡ್ ಅಗ್ಗದ ಗುಳಿಗೆ, ನಿಜ. ಆದರೆ ವೃದ್ಧರಲ್ಲಿ ಅದರ ಪ್ರಭಾವ ದೀರ್ಘವಾಗಿ ನಿಂತು, ಊಟ ತಪ್ಪಿದ ದಿನ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸೀತು. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಕೂಡ ಅಗ್ಗವೇ. ಅದರಿಂದ ಮುದುಕರಿಗೆ ಮಂಕು ಕವಿಯುವುದೂ ಮೂತ್ರ ಕಟ್ಟುವುದೂ ಉಂಟು. ವೃದ್ಧರಿಗೆ ತಕ್ಕುದಲ್ಲದ ಇಂಥ ಔಷಧಗಳ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ ಮತ್ತು ಸಂಗಡಿಗರು 1991ರಲ್ಲಿಯೇ ಪ್ರಕಟಿಸಿದರು. ಅದು ಇಂದಿಗೂ ಕಾಲಕಾಲಕ್ಕೆ ಪರಿಷ್ಕೃತವಾಗುತ್ತಿದೆ.

ಒಂದು ಗುಳಿಗೆ ಇನ್ನೊಂದನ್ನು ಕರೆತರುವ ಪರಿಯಂತೂ ವಿಚಿತ್ರವಾದುದು. ರಕ್ತದೊತ್ತಡದ ಅಮ್ಲೋಡಿಪಿನ್‌ನಿಂದ ಕೆಲವರ ಕಾಲು ಬಾತುಕೊಳ್ಳುತ್ತದೆ. ಆ ಬಾವನ್ನು ಹೊಸ ರೋಗವೆಂದು ಬಗೆದು ಮೂತ್ರ ಹೆಚ್ಚಿಸುವ ಗುಳಿಗೆ ಬರೆದುದಾದರೆ, ಅಜ್ಜ ರಾತ್ರಿಯೆಲ್ಲ ಎದ್ದೆದ್ದು ಕತ್ತಲೆಯಲ್ಲಿ ಹಿತ್ತಿಲಿಗೆ ನಡೆಯಬೇಕು. ಎಡವಿ ಬಿದ್ದು ತೊಡೆಯ ಮೂಳೆ ಮುರಿದರೆ ಆ ವೆಚ್ಚ ಯಾರ ಲೆಕ್ಕಕ್ಕೆ? ಮೊದಲನೆಯದನ್ನು ತಗ್ಗಿಸಿದ್ದರೆ ಅಥವಾ ಬದಲಿಸಿದ್ದರೆ ಎರಡನೆಯದು ಬೇಕಾಗುತ್ತಲೇ ಇರಲಿಲ್ಲ.

ಇದರ ಮೇಲೆ ಬಳ್ಳಾರಿಯ ಬಿಸಿಲು! ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಬೆವರಿನಿಂದಲೇ ಮೈಯ ನೀರು ಬತ್ತುತ್ತದೆ. ಆಗ ಮೂತ್ರ ಹೆಚ್ಚಿಸುವ ಗುಳಿಗೆ, ರಕ್ತದೊತ್ತಡದ ಎನಲಾಪ್ರಿಲ್ ಇಲ್ಲವೇ ಟೆಲ್ಮಿಸಾರ್ಟಾನ್, ನೋವಿನ ಡೈಕ್ಲೋಫಿನಾಕ್—ಈ ಮೂರೂ ಒಟ್ಟುಗೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಬಾಗಿ ದುಡಿದು ಸೊಂಟ ಸವೆಸಿಕೊಂಡವರು ನೋವಿನ ಗುಳಿಗೆಯನ್ನು ಸುಲಭವಾಗಿ ಬಿಟ್ಟಾರೆಯೇ? “ಯವ್ವಾ, ಆ ಕೆಂಪು ಗುಳಿಗಿ ನುಂಗಿದ್ರಾನ ನಿದ್ದಿ ಬರ್ತೈತಿ” ಎಂದು ಸೊಸೆಗೆ ಹೇಳುವ ಮುದುಕನಿಗೆ ಅದರ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ.

ಹೆಸರಿನ ಪ್ರಶ್ನೆ ಸಣ್ಣದಲ್ಲ. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುವುದರಿಂದ, ಇಬ್ಬರು ವೈದ್ಯರು ಬರೆದ ಒಂದೇ ಗುಳಿಗೆಯನ್ನು ಎರಡೆಂದು ತಿಳಿದು ಇಮ್ಮಡಿ ನುಂಗುವವರಿದ್ದಾರೆ. ಹಣವೂ ಇಮ್ಮಡಿ, ಅಪಾಯವೂ ಇಮ್ಮಡಿ. ಔಷಧಗಳನ್ನು ಮೂಲನಾಮದಿಂದಲೇ ಕರೆಯುವತ್ತ ಸಾಗಬೇಕೆಂದು ಹಾಥಿ ಸಮಿತಿ 1975ರಲ್ಲಿ ಸೂಚಿಸಿತ್ತು. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜನೌಷಧಿ ಮಳಿಗೆಗಳಲ್ಲಿ ಮೂಲನಾಮದ ಗುಳಿಗೆಗಳು ಅನೇಕ ವೇಳೆ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ದೊರೆಯುತ್ತವೆ. ಆದರೆ ಬೇಡದ ಗುಳಿಗೆಯನ್ನು ಅರ್ಧ ಬೆಲೆಗೆ ಕೊಂಡರೂ ಅದು ದುಂದೇ ಸರಿ.

ಆರು ತಿಂಗಳಿಗೊಮ್ಮೆಯಾದರೂ ಮನೆಯ ಹಿರಿಯರ ಗಂಟನ್ನು, ಅಂಗಡಿಯ ಗುಳಿಗೆ, ನಾಟಿ ಚೂರ್ಣ, ಕಷಾಯಗಳ ಸಹಿತ, ಒಬ್ಬರೇ ವೈದ್ಯರ ಮೇಜಿನ ಮೇಲೆ ಬಿಚ್ಚಿಡುವುದು ಕ್ಷೇಮ. “ಇದರಲ್ಲಿ ಯಾವುದನ್ನು ಬಿಡಬಹುದು?” ಎಂದು ಕೇಳಲು ಸಂಕೋಚ ಬೇಡ. ಮೂತ್ರಪಿಂಡದ ಸ್ಥಿತಿ ಅರಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆಯುಂಟು. ಕೇಳದೆ ಮನೆಯಲ್ಲೇ ನಿಲ್ಲಿಸುವ ಸಾಹಸ ಮಾತ್ರ ಸಲ್ಲದು. ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್‌ನಂಥದನ್ನು ತಟ್ಟನೆ ಬಿಟ್ಟರೆ ಎದೆನೋವು ಮರುಕಳಿಸೀತು. ಅದನ್ನು ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು.