ನಡುಗಡಲಲ್ಲಿ ಇನ್ಸುಲಿನ್

ಕ್ರೂಸ್ ಹಡಗಿಗೆ ಟಿಕೆಟ್ ಮಾಡಿಸಿದ ಸಕ್ಕರೆ ಕಾಯಿಲೆಯವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ: "ರೂಮಲ್ಲಿ ಫ್ರಿಜ್ ಇರುತ್ತೇನಪ್ಪಾ?" ಮುಂಬೈನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಕ್ಕೆ ಹೋಗುವವರಿರಲಿ, ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುವ ಅಪ್ಪ ಅಮ್ಮಂದಿರಿರಲಿ, ಚಿಂತೆಯೆಲ್ಲ ಫ್ರಿಜ್ಜಿನ ಸುತ್ತಲೇ. ಆ ಚಿಂತೆಯನ್ನು ಪಟ್ಟಿಯ ಕೊನೆಗೆ ತಳ್ಳಬಹುದು ಎನ್ನುವುದು ನನ್ನ ಅಭಿಪ್ರಾಯ. ಹಡಗಿನಲ್ಲಿ ಎಡವಟ್ಟಾಗುವುದು ಬೇರೆ ಕಡೆ.

ಇನ್ಸುಲಿನ್ ಒಂದು ಪುಟ್ಟ ಪ್ರೋಟೀನು. 21 ಮತ್ತು 30 ಅಮೈನೊ ಆಮ್ಲಗಳ ಎರಡು ಸರಪಳಿ, ಒಟ್ಟು 51. ಈ ಜೋಡಣೆಯನ್ನು ಬಿಡಿಸಿ ಓದಿದ ಫ್ರೆಡರಿಕ್ ಸ್ಯಾಂಗರ್‌ಗೆ 1958ರ ನೊಬೆಲ್ ಸಿಕ್ಕಿತು. ಸರಪಳಿಗಳು ಹೇಗೆ ಮಡಚಿಕೊಂಡಿವೆ ಎಂಬುದನ್ನು ಡೊರೊತಿ ಹಾಜ್‌ಕಿನ್ ತಂಡ 1969ರಲ್ಲಿ ತೋರಿಸಿತು. ಔಷಧದ ಶಕ್ತಿಯೆಲ್ಲ ಇರುವುದು ಆ ಮಡಿಕೆಯಲ್ಲಿ. ಬಿಸಿ ಹೆಚ್ಚಾದರೆ ಅದು ನಿಧಾನಕ್ಕೆ ಸಡಿಲವಾಗುತ್ತದೆ. ಹೆಪ್ಪುಗಟ್ಟಿದರೆ ಮಾತ್ರ ಕೆಡುವುದಕ್ಕೆ ಒಂದು ರಾತ್ರಿ ಸಾಕು: ನೀರು ಮಂಜಾಗುವಾಗ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಕರಗಿದ ಮೇಲೂ ಬಿಡಿಸಿಕೊಳ್ಳುವುದಿಲ್ಲ. ಕೆಲವೊಮ್ಮೆ ಸೀಸೆ ನೋಡಲು ಸರಿಯಾಗಿಯೇ ಇರುತ್ತದೆ, ಒಳಗಿನದು ಕೆಲಸಕ್ಕೆ ಬಾರದು. ಆದ್ದರಿಂದ ವಿಮಾನದಲ್ಲಿ ಹೋಗಿ ಹಡಗು ಹತ್ತುವವರು ಇನ್ಸುಲಿನ್ನನ್ನು ಹೆಪ್ಪುಗಟ್ಟುವ ಭಯವಿರುವ ಸರಕಿನ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಹಡಗಿನಲ್ಲೂ ದೊಡ್ಡ ಚೀಲಗಳು ಕ್ಯಾಬಿನ್ ಬಾಗಿಲಿಗೆ ಬರುವುದು ಹತ್ತಿದ ಎಷ್ಟೋ ಗಂಟೆಗಳ ಮೇಲೆ.

ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂದು ಕಂಪನಿಗಳು ಹೇಳುವುದು ಎರಡು ವರ್ಷ ಕೆಡದೆ ಉಳಿಯಲೆಂದು. ಬಳಕೆಗೆ ತೆಗೆದದ್ದು 25ರಿಂದ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ನಡೆಯುತ್ತದೆ. ಖಚಿತ ಅಂಕಿ ಆಯಾ ಡಬ್ಬಿಯ ಮೇಲಿರುತ್ತದೆ. ಎಸಿ ಹಾಕಿದ ಕ್ಯಾಬಿನ್ನಿನ ಬಿಸಿ 22–24 ಡಿಗ್ರಿ. ಅಂದರೆ ಒಂದು ವಾರದ ಪ್ರಯಾಣಕ್ಕೆ ಮೇಜಿನ ಡ್ರಾಯರ್ ಸಾಕು! ಕ್ಯಾಬಿನ್ನಿನ ಮಿನಿಬಾರ್ ಎಷ್ಟೋ ಸಲ ನಿಜವಾದ ಫ್ರಿಜ್ಜೇ ಅಲ್ಲ, ಬಾಟಲಿ ತಣ್ಣಗಿಡುವ ಪೆಟ್ಟಿಗೆ ಅಷ್ಟೆ. ಅದರೊಳಗೆ ಎಷ್ಟು ಡಿಗ್ರಿ ಇದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ನಿಜವಾದ ಫ್ರಿಜ್ಜಾಗಿದ್ದರೆ ಹಿಂಬದಿಯ ತಟ್ಟೆಗೆ ತಾಗಿದ ಇನ್ಸುಲಿನ್ ಪೆನ್ ಹೆಪ್ಪುಗಟ್ಟುವ ಭಯ. ತಿಂಗಳುಗಟ್ಟಲೆ ಹೋಗುವವರು ಹಡಗಿನ ವೈದ್ಯಕೀಯ ಕೇಂದ್ರದ ಫ್ರಿಜ್ಜಿನಲ್ಲಿ ಜಾಗ ಕೇಳುವುದು ಒಳ್ಳೆಯದು. ಇನ್ಸುಲಿನ್ ಬಿಸಿಯನ್ನು ತಾಳುತ್ತದೆ ಎನ್ನುವುದಕ್ಕೆ ಒಂದು ಸಾಕ್ಷಿ: ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದಲ್ಲಿ ಗುಡಾರದೊಳಗಿನ ಬಿಸಿ ರಾತ್ರಿ 25, ಹಗಲು 37 ಡಿಗ್ರಿ ಆಗುತ್ತದೆ. ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಅದೇ ಏರಿಳಿತದಲ್ಲಿ ನಾಲ್ಕು ವಾರ ಇನ್ಸುಲಿನ್ ಇಟ್ಟು ನೋಡಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಣ್ಣಗಿಟ್ಟಿದ್ದಕ್ಕೂ ಇದಕ್ಕೂ ಶಕ್ತಿಯಲ್ಲಿ ವ್ಯತ್ಯಾಸವಿರಲಿಲ್ಲ. ಇದನ್ನು ನೆಪ ಮಾಡಿಕೊಂಡು ಬಿಸಿಲಿನ ಬಾಲ್ಕನಿಯಲ್ಲಿ ಪೆನ್ ಮರೆತು ಬನ್ನಿ ಎಂದು ಹೇಳುತ್ತಿಲ್ಲ. ಗಾಬರಿಗೆ ಕಾರಣವಿಲ್ಲ, ಅಷ್ಟೆ.

ಬಂದರಿಗೆ ಇಳಿದು ಊರು ಸುತ್ತುವಾಗ ಮಾತ್ರ ಬಿಸಿ ನಿಜವಾದ ತೊಂದರೆ. ಅದಕ್ಕೆಂದು ನೀರಿನಲ್ಲಿ ನೆನೆಸಿ ಬಳಸುವ ತಂಪುಚೀಲಗಳು ಸಿಗುತ್ತವೆ. ಇವು ನಮ್ಮ ಮಣ್ಣಿನ ಹೂಜಿಯ ತತ್ವದವೇ: ನೀರು ಆವಿಯಾಗುತ್ತ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಗಾಳಿ ಒಣಗಿದ್ದರೆ ತಾನೆ ನೀರು ಆವಿಯಾಗುವುದು? ರಾಯಚೂರಿನ ಬೇಸಿಗೆಯಂಥ 35 ಡಿಗ್ರಿ ಬಿಸಿ, ಶೇ 30 ತೇವಾಂಶದಲ್ಲಿ ಒದ್ದೆ ಬಟ್ಟೆ ಹೆಚ್ಚೆಂದರೆ 22 ಡಿಗ್ರಿಯವರೆಗೆ ತಣಿಯಬಲ್ಲದು. ಮಂಗಳೂರಿನಂಥ ಕರಾವಳಿಯ 30 ಡಿಗ್ರಿ, ಶೇ 80 ತೇವಾಂಶದಲ್ಲಿ 27ಕ್ಕೇ ನಿಂತುಬಿಡುತ್ತದೆ. ಹೂಜಿಯ ನೀರು ಕರಾವಳಿಯಲ್ಲಿ ಅಷ್ಟಾಗಿ ತಣ್ಣಗಾಗದಿರುವುದಕ್ಕೂ ಕಾರಣ ಇದೇ. ಕಡಲೂರುಗಳಲ್ಲಿ ಈ ಚೀಲವನ್ನೇ ನೆಚ್ಚಿಕೊಳ್ಳದೆ ನೆರಳು ನೋಡಿಕೊಳ್ಳುವುದು, ಬಿಸಿಲಿಗೆ ನಿಲ್ಲಿಸಿದ ಬಸ್ಸಿನೊಳಗೆ ಕೈಚೀಲ ಬಿಟ್ಟು ಇಳಿಯದಿರುವುದು ಲೇಸು.

ಗಡಿಯಾರದ ವಿಷಯದಲ್ಲಿ ಹಡಗು ವಿಮಾನಕ್ಕಿಂತ ಎಷ್ಟೋ ಉದಾರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರಿದವರ ಹಗಲು ರಾತ್ರಿ ಒಂದೇ ಏಟಿಗೆ ತಲೆಕೆಳಗಾಗುತ್ತದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಏಳು ರಾತ್ರಿ ಸಾಗುವ ಕ್ವೀನ್ ಮೇರಿ 2 ಹಡಗಿನಲ್ಲಿ ಐದು ಗಂಟೆಯ ಅಂತರವನ್ನು ದಿನಕ್ಕೊಂದು ಗಂಟೆಯಂತೆ ಹಿಂದಕ್ಕೆ ತಿರುಗಿಸುತ್ತಾರೆ, ದಿನಕ್ಕೆ 25 ಗಂಟೆ. ದಿನಕ್ಕೊಂದು ಸಲ ಚುಚ್ಚಿಕೊಳ್ಳುವ ಗ್ಲಾರ್ಜಿನ್ ಇನ್ಸುಲಿನ್ ಇದಕ್ಕೆ ಹೊಂದಿಕೊಳ್ಳುತ್ತದೆ. ಸೀಸೆಯಲ್ಲಿ ಅದು ಆಮ್ಲೀಯ, ತಿಳಿಯಾದ ದ್ರವ. ಚರ್ಮದಡಿಯ ಆಮ್ಲವಿಲ್ಲದ ಅಂಗಾಂಶಕ್ಕೆ ಬಿದ್ದೊಡನೆ ಸಣ್ಣ ಹರಳುಗಳಾಗಿ ಕೂತು, ಸುಮಾರು ಒಂದು ದಿನದುದ್ದಕ್ಕೂ ಇಷ್ಟಿಷ್ಟೇ ಕರಗುತ್ತದೆ. ಒಂದು ಗಂಟೆ ಹಿಂದೆ ಮುಂದೆ ಆದರೆ ಸಾಮಾನ್ಯವಾಗಿ ಅನಾಹುತವೇನಿಲ್ಲ. ಎಚ್ಚರ ಬೇಕಾದ್ದು ಇನ್ಸುಲಿನ್ ಪಂಪ್ ಹಾಕಿಕೊಂಡವರಿಗೆ. ಪಂಪಿನ ಗಡಿಯಾರ ತಾನಾಗಿ ಬದಲಾಗುವುದಿಲ್ಲ. ನೆಟ್‌ವರ್ಕ್ ಇಲ್ಲದ ನಡುಗಡಲಲ್ಲಿ ಮೊಬೈಲಿನ ಗಡಿಯಾರವನ್ನೂ ನಂಬುವಂತಿಲ್ಲ. ಹಡಗಿನ ಸಮಯವೇ ಸಮಯ.

ಊಟದ ಹೊತ್ತು ಇದಕ್ಕಿಂತ ಮುಖ್ಯ. ನಮ್ಮಲ್ಲಿ ಬಹಳ ಮಂದಿ ಬಳಸುವುದು 30/70 ಇನ್ಸುಲಿನ್ ಮಿಶ್ರಣ. ಹಳೆಯ ಬಗೆಯದಾದರೆ ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಮನೆಯಲ್ಲಿ ತಟ್ಟೆ ಯಾವಾಗ ಬರುತ್ತದೆಂದು ಗೊತ್ತು. ಹಡಗಿನ ದೊಡ್ಡ ಊಟದ ಹಾಲ್‌ನಲ್ಲಿ ಮೊದಲು ಸೂಪು, ಆಮೇಲೆ ಎಲೆಗಳ ಸಲಾಡು, ಅದಾದ ಮೇಲೆ ಮುಖ್ಯ ತಿನಿಸು. ಅನ್ನವೋ ರೊಟ್ಟಿಯೋ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಇನ್ಸುಲಿನ್ ತನ್ನ ಕೆಲಸ ಶುರುಮಾಡಿಬಿಟ್ಟಿರುತ್ತದೆ.

ಇನ್ನು ಕಡಲಬೇನೆ. ಒಳಕಿವಿಯ ಅರೆವೃತ್ತ ನಾಳಗಳೂ ಸುಣ್ಣದ ಹರಳುಗಳೂ "ಮೈ ಅಲುಗುತ್ತಿದೆ" ಎನ್ನುತ್ತವೆ, ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು "ಎಲ್ಲ ನಿಂತಿದೆ" ಎನ್ನುತ್ತದೆ. ಈ ಎರಡು ಸಾಕ್ಷಿಗಳು ಹೊಂದದೆ ಇರುವುದೇ ಓಕರಿಕೆಯ ಮೂಲ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ತೂಗಾಟ ಹೊಟ್ಟೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುತ್ತದೆ. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಆಸ್ಪತ್ರೆಯ ಕೋಣೆಗಳನ್ನು ಸಾಮಾನ್ಯವಾಗಿ ಅಲ್ಲೇ ಕಟ್ಟಿರುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಇದು ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಕಡಲಬೇನೆಯ ಗುರುತುಗಳೇನು? ಮುಖ ಬಿಳಿಚುವುದು, ತಣ್ಣನೆ ಬೆವರು, ಸುಸ್ತು, ಓಕರಿಕೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ? ಬೆವರು, ಬಿಳಿಚಿದ ಮುಖ, ನಡುಕ, ಸುಸ್ತು, ಕೆಲವರಿಗೆ ಓಕರಿಕೆಯೂ ಹೌದು. ಮನೆಯಲ್ಲಿ ಇಪ್ಪತ್ತು ವರ್ಷದಿಂದ "ಲೋ ಆದರೆ ನನಗೆ ಗೊತ್ತಾಗುತ್ತದೆ" ಎನ್ನುತ್ತಿದ್ದವರ ಅನುಭವ ಇಲ್ಲಿ ಕೈಕೊಡುತ್ತದೆ. ಅಲೆಯ ದಿನ ಊಹಿಸುವ ಬದಲು ಬೆರಳು ಚುಚ್ಚಿ ನೋಡಬೇಕು. ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೊಂದು ಪರೀಕ್ಷೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ.

ಎರಡನೆಯ ಮೋಸ ಹೊಟ್ಟೆಯದು. ಓಕರಿಕೆ ಬಂದಾಗ ಜಠರ ಖಾಲಿಯಾಗುವುದು ತಡವಾಗುತ್ತದೆ, ಸಕ್ಕರೆ ರಕ್ತಕ್ಕೆ ಸೇರುವುದು ಜಠರದ ಮುಂದಿನ ಸಣ್ಣಕರುಳಿನಲ್ಲಿ. ಹೀಗಾಗಿ ಉಂಡ ಅನ್ನ ಹೊಟ್ಟೆಯಲ್ಲೇ ಕೂತಿರುತ್ತದೆ, ಚುಚ್ಚಿದ ಇನ್ಸುಲಿನ್ ರಕ್ತದಲ್ಲಿ ಓಡುತ್ತಿರುತ್ತದೆ. ಓಕರಿಕೆಗೆ ಕೊಡುವ ಕೆಲವು ಮದ್ದುಗಳೂ, ಈಗ ಮನೆಮಾತಾಗಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದೂ ಜಠರವನ್ನು ಇನ್ನಷ್ಟು ನಿಧಾನಿಸುತ್ತವೆ. ಅಲೆ ಜೋರಿದ್ದ ದಿನ ಊಟದ ಇನ್ಸುಲಿನ್ನನ್ನು ಊಟ ಒಳಗೆ ಉಳಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ಆದರೆ "ಏನೂ ತಿಂದಿಲ್ಲ, ಇನ್ಸುಲಿನ್ನೇ ಬೇಡ" ಎನ್ನುವುದು ಟೈಪ್ 1 ಇರುವವರಿಗೆ ಪ್ರಾಣಾಪಾಯದ ಮಾತು. ದಿನವಿಡೀ ಹಿನ್ನೆಲೆಯಲ್ಲಿ ಕೆಲಸ ಮಾಡುವ ಇನ್ಸುಲಿನ್ ನಿಂತರೆ ದೇಹ ಕೊಬ್ಬನ್ನು ಕರಗಿಸುತ್ತದೆ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಅದರಿಂದಲೂ ಬರುವುದು ವಾಂತಿಯೇ, ಎಲ್ಲರೂ ಅಲೆಯನ್ನು ದೂರುತ್ತ ಕೂತಿರುತ್ತಾರೆ! ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿದ್ದರೂ ಈ ಸ್ಥಿತಿ ಬರಬಲ್ಲದು. ಉಂಡದ್ದು ನಿಲ್ಲದ ದಿನ ಆ ಮಾತ್ರೆ ನಿಲ್ಲಿಸಬೇಕೆಂದು ವೈದ್ಯರು ಹೇಳುವುದು ಅದಕ್ಕೇ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು ಎಂಬ ನಾಲ್ಕು ಸಾಲಿನ ಚೀಟಿ ಬರೆಸಿಕೊಂಡು ಬಂದವರಿಗೆ ನಡುಗಡಲಲ್ಲಿ ವೈಫೈ ಹುಡುಕುವ ಪಾಡಿಲ್ಲ.

ಹಡಗಿನಲ್ಲಿ ಎಲ್ಲಿ ನೋಡಿದರೂ ಸ್ಯಾನಿಟೈಸರ್. ಅಲ್ಲಿ ಕಾಡುವ, ವಾಂತಿ ಭೇದಿ ತರುವ ನೊರೊ ವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ. ಕೊರೊನಾಕ್ಕಿರುವ ಕೊಬ್ಬಿನ ಹೊದಿಕೆ ಇದಕ್ಕಿಲ್ಲ, ಆಲ್ಕೋಹಾಲ್ ಕರಗಿಸಬೇಕಾದ್ದೇ ಇಲ್ಲದಂತಾಯಿತು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದರೆ ವೈರಸ್ ಕೊಚ್ಚಿಹೋಗುತ್ತದೆ. ಅಮೆರಿಕದ ಬಂದರು ಮುಟ್ಟುವ ಹಡಗುಗಳಲ್ಲಿ ಪ್ರಯಾಣಿಕರ ಅಥವಾ ಸಿಬ್ಬಂದಿಯ ಪೈಕಿ ಶೇ 3ರಷ್ಟು ಜನ ವಾಂತಿ ಭೇದಿಯೆಂದು ಹೇಳಿಕೊಂಡರೆ ಅಲ್ಲಿನ ಸಿಡಿಸಿ ಸಂಸ್ಥೆ ಆ ಹಡಗಿನ ಹೆಸರನ್ನು ಬಹಿರಂಗಪಡಿಸುತ್ತದೆ.

ಬೆರಳು ಚುಚ್ಚುವವರಿಗೆ ಸೋಪಿನಿಂದ ಇನ್ನೊಂದು ಉಪಕಾರವಿದೆ. ಮೀಟರಿನ ಪಟ್ಟಿ ಹೀರುವುದು ಸುಮಾರು ಅರ್ಧ ಮೈಕ್ರೊಲೀಟರ್ ರಕ್ತ. ಸಕ್ಕರೆ 100 ಇದ್ದರೆ ಅಷ್ಟು ರಕ್ತದಲ್ಲಿರುವ ಗ್ಲೂಕೋಸ್ ಅರ್ಧ ಮೈಕ್ರೊಗ್ರಾಂ. ಬಫೆಯಲ್ಲಿ ದ್ರಾಕ್ಷಿ ಕಿತ್ತು ತಿಂದ ಬೆರಳಿನಿಂದ ಇನ್ನೊಂದೇ ಒಂದು ಮೈಕ್ರೊಗ್ರಾಂ ಗ್ಲೂಕೋಸ್ ಆ ಹನಿಗೆ ಬೆರೆತರೂ ಮೀಟರ್ 300 ತೋರಿಸಬೇಕಾಗುತ್ತದೆ. ಒಂದು ಮೈಕ್ರೊಗ್ರಾಂ ಎಂದರೆ ಸಕ್ಕರೆಯ ಒಂದು ಹರಳಿನ ನೂರನೇ ಪಾಲೂ ಅಲ್ಲ. ಗಾಬರಿಯಾಗಿ ಹೆಚ್ಚಿಗೆ ಇನ್ಸುಲಿನ್ ಏರಿಸಿದರೆ ಮುಂದಿನದು ಹೇಳಬೇಕಿಲ್ಲ. ಹಣ್ಣು ಮುಟ್ಟಿದ ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರೂ ಈ ಸುಳ್ಳು ಅಂಕಿ ಹೋಗುವುದಿಲ್ಲ, ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಉಳಿದವು ಚಿಕ್ಕಪುಟ್ಟ ಸಂಗತಿಗಳು. ಬಿಸಿನೀರಿನ ತೊಟ್ಟಿಯಲ್ಲಿ ಕೂತರೆ ಚರ್ಮದ ರಕ್ತನಾಳ ಹಿಗ್ಗಿ, ಆಗಷ್ಟೇ ಚುಚ್ಚಿದ ಊಟದ ಇನ್ಸುಲಿನ್ ಬೇಗ ರಕ್ತಕ್ಕಿಳಿಯುತ್ತದೆ. ಹಗಲೆಲ್ಲ ಬಂದರಿನ ಊರಲ್ಲಿ ನಡೆದವರಿಗೆ ಸಕ್ಕರೆ ಇಳಿಯುವುದು ಆ ಹೊತ್ತಿಗಲ್ಲದೆ ನಡುರಾತ್ರಿಗೂ ಇರಬಹುದು. ಜೊತೆಗೆ ಮದ್ಯ ಸೇರಿದರೆ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನೂ ನಿಲ್ಲಿಸುತ್ತದೆ.

ದೊಡ್ಡ ಹಡಗುಗಳಲ್ಲಿ ವೈದ್ಯರು, ನರ್ಸ್, ಇಸಿಜಿ, ಎಕ್ಸ್‌ರೇ ಇರುತ್ತವೆ, ಬಿಲ್ಲೂ ಚೆನ್ನಾಗಿಯೇ ಬರುತ್ತದೆ. ಆದರೆ ಅದು ತುರ್ತು ಚಿಕಿತ್ಸೆಯ ಜಾಗ. ನಿಮ್ಮದೇ ಇನ್ಸುಲಿನ್, ನಿಮ್ಮದೇ ಪೆನ್ನಿನ ಕಾರ್ಟ್ರಿಜ್ ಅಲ್ಲಿ ಸಿಗುತ್ತದೆಂದು ಲೆಕ್ಕ ಹಾಕಬಾರದು, ಬೇಕಾದ್ದರ ಎರಡರಷ್ಟು ಒಯ್ದು ಎರಡು ಚೀಲದಲ್ಲಿ ಹಂಚಿಡಬೇಕು. ಭಾರತದಿಂದ ಹೋಗುವವರಿಗೆ ಇಲ್ಲೊಂದು ವಿಶೇಷ ಗಂಡಾಂತರವಿದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಇನ್ಸುಲಿನ್ ಸೀಸೆ ಹೆಚ್ಚಾಗಿ ಯು-40, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್. ಅದರ ಸಿರಿಂಜಿನ ಮುಚ್ಚಳ ಕೆಂಪು. ಹೊರದೇಶಗಳಲ್ಲೂ ಹಡಗುಗಳಲ್ಲೂ ಸಿಗುವುದು ಬಹುಪಾಲು ಯು-100, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಸೀಸೆ ಒಡೆದು ಬಂದರಿನ ಅಂಗಡಿಯಲ್ಲಿ ಹೊಸದು ಕೊಂಡು, ಮನೆಯಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಂದಿನಂತೆ 20ರ ಗೆರೆವರೆಗೆ ಎಳೆದರೆ ಒಳಬರುವುದು ಅರ್ಧ ಮಿಲಿಲೀಟರ್, ಅದರಲ್ಲಿ 50 ಯೂನಿಟ್. ಎರಡೂವರೆ ಪಟ್ಟು! ಇದರ ತಿರುವುಮುರುವಾದರೆ 20ರ ಬದಲು ಎಂಟೇ ಯೂನಿಟ್. ಸೀಸೆ ಬದಲಾದರೆ ಸಿರಿಂಜೂ ಬದಲಾಗಬೇಕು. ಪೆನ್ನಿನ ಕಾರ್ಟ್ರಿಜ್‌ಗಳು ನಮ್ಮಲ್ಲೂ ಯು-100 ಆದ್ದರಿಂದ, ಪ್ರವಾಸಕ್ಕೆ ಎರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಪೆನ್ನಿಗೆ ಬದಲಾಗುವುದು ವಾಸಿ.

ಬಳಸಿದ ಸೂಜಿ ಎಲ್ಲಿ ಹಾಕುವುದು? ಕ್ಯಾಬಿನ್ನಿನ ಕಸದ ಬುಟ್ಟಿಗೆ ಹಾಕಿದರೆ ಅದನ್ನು ಬರಿಗೈಯಲ್ಲಿ ಎತ್ತುವವನು ಅಂತಸ್ತಿನ ಕೆಲಸದ ಹುಡುಗ. ಈ ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯವರೂ ದುಡಿಯುತ್ತಾರೆ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಏಳು ದಿನವಾದರೂ ಬದುಕಿರುತ್ತದೆ. ಹತ್ತಿದ ಮೊದಲ ದಿನವೇ ಸೂಜಿ ಹಾಕುವ ಗಟ್ಟಿ ಡಬ್ಬಿ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ತಂದುಕೊಡುತ್ತಾರೆ, ತುಂಬಿದ ಮೇಲೆ ಅವರೇ ಒಯ್ಯುತ್ತಾರೆ. ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ಕಿನ ತಿರುಪು ಮುಚ್ಚಳದ ಬಾಟಲಿ ಆದೀತು. ಇಳಿಯುವ ಮುನ್ನ ಅದನ್ನು ವೈದ್ಯಕೀಯ ಕೇಂದ್ರಕ್ಕೆ ಒಪ್ಪಿಸಬೇಕು.