ತೊಗಟೆ ಹೋದರೆ ಬೇರಿಗೆ ಉಪವಾಸ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಿಮಗೆ ಗೊತ್ತು. ಆಡು ಸೊಪ್ಪು ತಿಂದರೆ ಗಿಡ ಮತ್ತೆ ಚಿಗುರುತ್ತದೆ. ಆದರೆ ತೊಗಟೆ ತಿಂದರೆ?

ಬದುವಿನ ಮೇಲೆ ನಾಲ್ಕೈದು ವರ್ಷ ಸಾಕಿದ ಮಾವಿನ ಗಿಡದ ಬುಡವನ್ನು ಆಡು ಸುತ್ತಲೂ ಕೆರೆದು ತಿಂದಿತೆನ್ನಿ. ವಾರ ಬಿಟ್ಟು ನೋಡಿದರೂ ಎಲೆ ಹಸಿರಾಗಿಯೇ ಇರುತ್ತದೆ. ಬರೀ ಸಿಪ್ಪೆ ತಾನೆ ಹೋದದ್ದು ಎಂದು ನೀವು ಸುಮ್ಮನಾಗುತ್ತೀರಿ. ಕೆಲವು ತಿಂಗಳ ಮೇಲೆ ಗಿಡ ಒಣಗಿ ನಿಂತಾಗ ನೀರು ಸಾಲದಾಯಿತೆಂದೋ, ಬೇರಿಗೆ ಹುಳು ಬಿತ್ತೆಂದೋ ಭಾವಿಸುತ್ತೀರಿ. ನಿಜವಾಗಿ ಅದರ ಸಾವು ಆಡು ಮೇಯ್ದ ದಿನವೇ ಆರಂಭವಾಗಿತ್ತು. ಇದನ್ನು ತಿಳಿಯಲು ಗಿಡದೊಳಗಿನ ಎರಡು ದಾರಿಗಳನ್ನು ಅರಿಯಬೇಕು.

ಮೇಲೇರುವ ನೀರು

ಬೇರು ಹೀರಿದ ನೀರು ಮತ್ತು ಅದರಲ್ಲಿ ಕರಗಿದ ಲವಣಗಳು ತೊಗಟೆಯ ಒಳಗಿರುವ ಗಟ್ಟಿ ಮರದ ಭಾಗದಲ್ಲಿ ಏರುತ್ತವೆ. ಅಲ್ಲಿ ಕೂದಲೆಳೆಯಂಥ ಕೊಳವೆಗಳಿವೆ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಕ್ಸೈಲಂ ಎನ್ನುತ್ತಾರೆ. ನೀರೆತ್ತಲು ಅಲ್ಲಿ ಪಂಪೇನೂ ಇಲ್ಲ. ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾದಂತೆಲ್ಲ ಒಂದಕ್ಕೊಂದು ಅಂಟಿಕೊಂಡ ನೀರಿನ ಎಳೆ ಕೆಳಗಿನಿಂದ ಮೇಲಕ್ಕೆ ಸೆಳೆಯಲ್ಪಡುತ್ತದೆ. 1894ರಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗೂ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ.

ಬಿಳಿ ಸುಗಂಧರಾಜದ ಕಡ್ಡಿಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿಟ್ಟು ಮಾರನೆಯ ದಿನ ನೋಡಿ. ನೀರಿನ ದಾರಿ ಹೂವಿನ ಎಸಳಿನಲ್ಲೇ ಕಾಣುತ್ತದೆ.

ಬೇರಿಗೆ ಹೋಗುವ ಬುತ್ತಿ

ಬಿಸಿಲಿನಲ್ಲಿ ಎಲೆ ತಯಾರಿಸಿದ ಸಕ್ಕರೆ ಬೇರೊಂದು ದಾರಿಯಲ್ಲಿ ಸಾಗುತ್ತದೆ. ಅದು ತೊಗಟೆಯ ಒಳಮೈಯಲ್ಲಿರುವ ತೆಳುವಾದ ಹಸಿ ಪದರ, ಹೆಸರು ಫ್ಲೋಯಂ. ಎಲೆಯ ಬಳಿ ಸಕ್ಕರೆ ಮಂದವಾದಾಗ ಅಲ್ಲಿಗೆ ನೀರು ನುಗ್ಗಿ ಒತ್ತಡ ಹೆಚ್ಚುತ್ತದೆ. ಆ ಒತ್ತಡವೇ ರಸವನ್ನು ಬೇರು, ಕಾಯಿ, ಚಿಗುರುಗಳ ಕಡೆಗೆ ತಳ್ಳುತ್ತದೆ. 1930ರಲ್ಲಿ ಜರ್ಮನಿಯ ಮುಂಚ್ ಈ ವಿವರಣೆ ನೀಡಿದರು.

ಈಗ ಮಾವಿನ ಗಿಡಕ್ಕೆ ಬನ್ನಿ. ಆಡು ತಿಂದದ್ದು ಬುತ್ತಿಯ ದಾರಿಯನ್ನು. ನೀರಿನ ದಾರಿ ಒಳಗೆ ಕ್ಷೇಮವಾಗಿರುವುದರಿಂದ ಎಲೆ ಬಾಡಲಿಲ್ಲ. ಬೇರು ಮಾತ್ರ ಕೂಡಿಟ್ಟದ್ದನ್ನು ತಿಂದು ದಿನ ದೂಡಿತು. ಅದು ಮುಗಿದ ಮೇಲೆ ಹೊಸ ಬೇರು ಒಡೆಯಲಿಲ್ಲ, ನೀರು ಹೀರಲು ಶಕ್ತಿ ಉಳಿಯಲಿಲ್ಲ. ಆಮೇಲೆ ಎಲೆ ಒಣಗಿತು.

ದಾಳಿಂಬೆ, ಸೀಬೆಗೆ ಗೂಟಿ ಕಟ್ಟುವವರು ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ. ರೆಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದಾಗ ಕೆಳಗಿಳಿಯುವ ಆಹಾರ ಉಂಗುರದ ಮೇಲಂಚಿನಲ್ಲಿ ತಂಗುತ್ತದೆ. ಬೇರು ಮೂಡುವುದೂ ಅಲ್ಲಿಯೇ.

ಯಾವ ದಾರಿ ಕೆಟ್ಟಿದೆ?

ನೀರಿನ ದಾರಿ ಕಟ್ಟಿಕೊಂಡರೆ ಗಿಡ ಬೇಗ ಸೊರಗುತ್ತದೆ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಂಡರೆ ಸಾಮಾನ್ಯವಾಗಿ ಬಿಸಿಲಿನ ಪರಿಣಾಮ. ಮಣ್ಣಿನಲ್ಲಿ ತೇವವಿದ್ದರೂ ಟೊಮೆಟೊ ಗಿಡ ಹಸಿರಾಗಿರುವಾಗಲೇ ಜೋತುಬಿದ್ದು ಬೆಳಿಗ್ಗೆಯೂ ಏಳದಿದ್ದರೆ ಬುಡದ ಕಾಂಡವನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಅಂಥ ಗಿಡಗಳನ್ನು ಕಿತ್ತು ಸುಟ್ಟುಬಿಡಿ. ಆ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಆಲೂಗಡ್ಡೆ ಹಾಕಬೇಡಿ.

ತೆಂಗು, ಅಡಿಕೆಯ ಮಾತು ಬೇರೆ

ಇವುಗಳಲ್ಲಿ ಎರಡೂ ದಾರಿಗಳು ಜೊತೆಗೂಡಿ ಕಾಂಡದ ತುಂಬ ಹರಡಿರುತ್ತವೆ. ಆದ್ದರಿಂದ ಹೊರಮೈ ಕೆತ್ತಿದ ಮಾತ್ರಕ್ಕೆ ಮರ ಸಾಯುವುದಿಲ್ಲ. ಆದರೆ ಆ ಗಾಯ ಮತ್ತೆ ಮುಚ್ಚಿಕೊಳ್ಳುವುದೂ ಇಲ್ಲ. ಹತ್ತಲು ಮೆಟ್ಟಿಲು ಕಡಿದ ತೆಂಗಿಗೆ ಕೆಂಪುಮೂತಿ ಹುಳು ಸುಲಭವಾಗಿ ಸೇರುತ್ತದೆ.

ಮಾಡಬೇಕಾದದ್ದೇನು?

ಎಳೆಯ ಗಿಡಗಳ ಸುತ್ತ ಮುಳ್ಳಿನ ಬೇಲಿ ಕಟ್ಟಿ. ಮರಕ್ಕೆ ಬಿಗಿದ ತಂತಿಯನ್ನು ಇಂದೇ ಬಿಚ್ಚಿ; ಮರ ದಪ್ಪವಾದಂತೆ ತಂತಿಯೇ ಅದರ ಕೊರಳು ಹಿಸುಕುತ್ತದೆ. ದನದ ಹಗ್ಗವನ್ನೂ ಎಳೆಯ ಗಿಡಕ್ಕೆ ಕಟ್ಟಬೇಡಿ.

ತೊಗಟೆ ಒಂದು ಪಕ್ಕದಲ್ಲಿ ಮಾತ್ರ ಹೋಗಿದ್ದರೆ ಭಯವಿಲ್ಲ. ಗಾಯದ ಅಂಚನ್ನು ಹರಿತವಾದ ಚಾಕುವಿನಿಂದ ಸವರಿ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿಗೆ ಬೇರೆ ಬೇರೆ ಕಲಸಿ, ನಂತರ ಬೆರೆಸಿದರೆ ಮುಲಾಮು ಸಿದ್ಧ. ಕಬ್ಬಿಣದ ಪಾತ್ರೆ ಬೇಡ.

ಸುತ್ತಲೂ ಹೋಗಿದ್ದರೆ ತಡಮಾಡದೆ ಕಸಿ ಕಟ್ಟುವ ಅನುಭವಿಯನ್ನು ಕರೆಸಿ. ಅದೇ ಗಿಡದ ಪೆನ್ಸಿಲ್ ಗಾತ್ರದ ಕಡ್ಡಿಗಳನ್ನು ತಲೆಕೆಳಗಾಗದಂತೆ ಹಿಡಿದು, ಒಂದು ತುದಿಯನ್ನು ಗಾಯದ ಮೇಲಿನ ತೊಗಟೆಯೊಳಗೆ, ಇನ್ನೊಂದನ್ನು ಕೆಳಗಿನ ತೊಗಟೆಯೊಳಗೆ ತೂರಿಸಿ ಬಿಗಿಯಾಗಿ ಕಟ್ಟುತ್ತಾರೆ. ಇದೇ ಸೇತುವೆ ಕಸಿ. ಅದು ಕೂಡಿಕೊಂಡರೆ ಬುತ್ತಿ ಮತ್ತೆ ಬೇರಿಗೆ ಇಳಿಯುತ್ತದೆ.

ಎಲೆ ಹಸಿರಾಗಿರುವ ಆ ಕೆಲವು ವಾರಗಳೇ ಗಿಡವನ್ನು ಉಳಿಸಿಕೊಳ್ಳಲು ನಿಮಗಿರುವ ಕಾಲ. ನಾಳೆ ಹೊಲಕ್ಕೆ ಹೋದಾಗ ಗಿಡದ ತಲೆಯನ್ನಷ್ಟೇ ನೋಡಿ ಬರಬೇಡಿ. ಬಗ್ಗಿ ಬುಡವನ್ನೂ ನೋಡಿ.